ತುಂಗಿಗೆ ಬೆನ್ನು ಕೊಡುವ ಬೆಳಿಗ್ಗೆ

ಹುಲ್ಲುಬಾವಿ, ಕಪ್ಪತಗುಡ್ಡದ ಕೆಳಗೆ
ಇಸವಿ ೨೧೯೭, ಫೆಬ್ರುವರಿ ೩೦

ನನಗಿಂತ ಹಿಂದೆ ಬದುಕುತ್ತಿರುವ ಹಿರಿಯರಿಗೆ,

ಫೆಬ್ರುವರಿ ಮೂವತ್ತು ಎಂಬ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲ ಎಂದು ನನಗೆ ಗೊತ್ತು. ನಮ್ಮದರಲ್ಲಿ ಇದೆ. ಜುಲೈ ತಿಂಗಳಿಂದ ಒಂದು ದಿನ, ಆಗಸ್ಟಿನಿಂದ ಒಂದು ದಿನ ಕಿತ್ತು ಫೆಬ್ರುವರಿಗೆ ಕೊಟ್ಟಿದ್ದಾರೆ. ಆ ಮೂವತ್ತನೆಯ ದಿನ ಯಾರೂ ಹೊಲಕ್ಕೆ ಹೋಗುವುದಿಲ್ಲ, ಅಂಗಡಿ ತೆಗೆಯುವುದಿಲ್ಲ. ಊರಿಗೆ ಊರೇ ಅಭ್ಯಾಸ ಮಾಡುತ್ತದೆ. ಯಾವುದರ ಅಭ್ಯಾಸ ಎಂದು ಮುಂದೆ ಹೇಳುತ್ತೇನೆ. ಈ ಕಾಗದದಲ್ಲಿ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಿಮಗೆ ಬೇಕಾಗದ ಮಾತುಗಳು ನಮಗೆ ಬೇಕಾದವು, ಅಷ್ಟೇ.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಅಭ್ಯಾಸದ ದಿನ ಮಧ್ಯಾಹ್ನ, ಬರೆಯಲು ಬರುವವರು ತಮಗಿಂತ ಹಿಂದಿನವರಿಗೆ ಒಂದು ಓಲೆ ಬರೆದು ಮನೆಯ ಗೋಡೆಯ ಗೂಡಿನಲ್ಲಿ ಇಡಬೇಕು. ಅದು ಹಿಂದಕ್ಕೆ ಹೋಗಿ ಮುಟ್ಟುತ್ತದೆ ಎಂದು ಯಾರೂ ನಂಬುವುದಿಲ್ಲ. ಆದರೂ ಬರೆಯುತ್ತಾರೆ. ಹೆಚ್ಚಿನವರು ನಾಲ್ಕು ಸಾಲು ಗೀಚಿ ಊಟಕ್ಕೆ ಏಳುತ್ತಾರೆ. ನಾನೂ ಹೋದ ವರ್ಷದವರೆಗೆ ಹಾಗೇ ಮಾಡಿದವನು. ಈ ಸಲ ಊಟ ಸೇರುತ್ತಿಲ್ಲ. ಅಕ್ಷರ ಸೊಟ್ಟ ಇದ್ದರೆ ಅದು ಓದಿನ ಕೊರತೆಯೂ ಹೌದು, ಅಂಜಿಕೆಯೂ ಹೌದು. ನಾನು ಹತ್ತನೇ ಇಯತ್ತೆಯವರೆಗೆ ಓದಿದ್ದೇನೆ. ಮುಂದೆ ಓದಿಸಲು ಅವ್ವನಿಗೆ ಮನಸ್ಸಿತ್ತು. ನನಗೆ ಬೆಂಚಿನ ಮೇಲೆ ಕೂಡಲು ಆಗುತ್ತಿರಲಿಲ್ಲ.

ನನ್ನ ಹೆಸರು ಫಕೀರೇಶ. ನಾನು ಡಂಗುರದವನು. ಗುಡ್ಡದ ನೆತ್ತಿಯ ಮೇಲೆ ಕಾವಲುಮನೆ ಇದೆ. ಅಲ್ಲಿ ಆಕಾಶ ಕಾಯುತ್ತಾರೆ. ಅವರು ಹೇಳಿದ್ದನ್ನು ನಾನು ಕೇಳಿಕೊಂಡು, ಹೆಗಲಿಗೆ ಹಲಗಿ ಹಾಕಿಕೊಂಡು, ಸೈಕಲ್ಲಿನ ಮೇಲೆ ಗುಡ್ಡದ ಸುತ್ತಿನ ಹಳ್ಳಿಗಳನ್ನು ತಿರುಗಿ ಬಾರಿಸಿ ಹೇಳಬೇಕು. ಈ ವಾರ ಯಾವ ಹಾಯುಗಲ್ಲು ಹೋಗುತ್ತದೆ, ಎಷ್ಟು ದೂರ ಹೋಗುತ್ತದೆ, ಯಾವ ದಿಕ್ಕಿಗೆ ಎಂದು. ಹಾಯುಗಲ್ಲು ಎಂದರೆ ಭೂಮಿಯ ಹತ್ತಿರ ಹಾದುಹೋಗುವ ಆಕಾಶದ ಕಲ್ಲು. ನಿಮ್ಮ ಕಾಲದಲ್ಲಿ ಅದಕ್ಕೆ ಕ್ಷುದ್ರಗ್ರಹ ಎನ್ನುತ್ತಿದ್ದರಂತೆ. ಆ ಹೆಸರು ಕೇಳಿದಾಗೆಲ್ಲ ನನಗೆ ನಗು ಬರುತ್ತಿತ್ತು. ಕ್ಷುದ್ರ ಎಂದು ಕರೆದುಬಿಟ್ಟರೆ ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಕಲ್ಲುಗಳೇನೋ ನಿಮ್ಮ ಕಾಲದಲ್ಲೂ ಹೋಗುತ್ತಿದ್ದವು. ಚಂದ್ರನಿಗಿಂತ ಒಳಗೆ ಹಾದು ಹೋದ ಮೇಲೆ, ಅಗೋ ಹೋಯಿತು ಎಂದು ಗೊತ್ತಾದ ಕಲ್ಲುಗಳೂ ಇದ್ದವಂತೆ. ನೀವು ಆಗ ಚಹಾ ಕುಡಿಯುತ್ತಿದ್ದಿರಬೇಕು.

ನಮ್ಮ ಬದುಕು ನಿಮ್ಮದಕ್ಕಿಂತ ಬಹಳ ಬೇರೆ ಏನಲ್ಲ. ಜೋಳದ ರೊಟ್ಟಿ ಇದೆ, ಶೇಂಗಾ ಚಟ್ನಿ ಇದೆ, ಗುಡ್ಡದ ಗಾಳಿ ಇದೆ. ನಿಮ್ಮ ಕಾಲದ ಗಾಳಿಯಂತ್ರಗಳ ಕಂಬಗಳು ಇನ್ನೂ ಅಲ್ಲಲ್ಲಿ ನಿಂತಿವೆ, ರೆಕ್ಕೆ ಇಲ್ಲ, ಹದ್ದುಗಳು ಗೂಡು ಕಟ್ಟಿವೆ. ಬೇರೆ ಇರುವುದು ಮನೆಗಳು. ನಮ್ಮ ಮನೆಗಳ ಮೂಡಣ ಗೋಡೆಯಲ್ಲಿ ಗಾಜು ಇರಬಾರದು. ಅಲ್ಲಿ ಮೇಣದ ಬಟ್ಟೆ ಹೊಡೆದ ಕಿಟಕಿ ಇರಬೇಕು. ಬೆಳಕು ಹಳದಿಯಾಗಿ ಒಳಗೆ ಬರುತ್ತದೆ, ಎಲ್ಲರ ಮುಖವೂ ಕಾಮಾಲೆ ಬಂದಂತೆ ಕಾಣುತ್ತದೆ, ನಮಗೆ ಅದೇ ಚಂದ. ಓಣಿಗೊಂದು ಬೆನ್ನುಗೋಡೆ ಇರುತ್ತದೆ. ಆಳೆತ್ತರವೂ ಇಲ್ಲದ, ಎರಡು ಮೊಳ ದಪ್ಪದ ಕಲ್ಲುಗೋಡೆ. ಪಡುವಣ ಬದಿಗೆ ಅದರ ಬುಡದಲ್ಲಿ ಕೂಡುವ ಕಟ್ಟೆ. ಉಳಿದ ದಿನ ಅಲ್ಲಿ ಮುದುಕರು ಎಲೆಅಡಿಕೆ ಹಾಕುತ್ತಾರೆ, ಹೆಂಗಸರು ಶಾವಿಗೆ ಒಣಗಿಸುತ್ತಾರೆ. ಅದನ್ನು ಕಟ್ಟಿದ್ದು ಮಾತ್ರ ಒಂದು ಬೆಳಿಗ್ಗೆಗಾಗಿ.

ನನ್ನ ಅಜ್ಜಿಯ ಅಜ್ಜಿ ಎಳೆಯವಳಿದ್ದಾಗ, ತುಂಗಭದ್ರೆಯ ಬಯಲಿನ ಮೇಲೆ ಒಂದು ಕಲ್ಲು ಬಂದು ಆಕಾಶದಲ್ಲೇ ಸಿಡಿಯಿತು. ಅದನ್ನು ಮೂಡಲ ಬೆಳಕು ಎನ್ನುತ್ತೇವೆ. ಹೊತ್ತು ಹುಟ್ಟಿದ ಮೇಲೆ ಇನ್ನೊಂದು ಹೊತ್ತು ಹುಟ್ಟಿತಂತೆ. ಬೆಳಕು ಮಾತ್ರ, ಸಪ್ಪಳ ಇಲ್ಲ. ಜನ ಏನು ಮಾಡಿದರು? ನೋಡಲು ಓಡಿಬಂದರು. ಕಿಟಕಿಗೆ ಬಂದರು, ಬಾಗಿಲಿಗೆ ಬಂದರು, ಕೂಸುಗಳನ್ನು ಎತ್ತಿ ತೋರಿಸಿದರು. ಬೆಳಕು ಮೊದಲು ಬರುತ್ತದೆ, ಸಪ್ಪಳ ಹಿಂದಿನಿಂದ ನಡೆದುಕೊಂಡು ಬರುತ್ತದೆ. ಮಿಂಚಿನ ಹಿಂದೆ ಗುಡುಗು ಬರುವ ಹಾಗೆ, ಆದರೆ ಬಹಳ ಸಾವಕಾಶ. ಎಲ್ಲರೂ ನೋಡಲು ಸೇರಿದ ಮೇಲೆ ಸಪ್ಪಳ ಬಂತು. ಗಾಜೆಲ್ಲ ಒಳಗೆ ಬಂತು. ನಿಮ್ಮ ಕಾಲದಲ್ಲೇ ರಷ್ಯಾ ದೇಶದ ಒಂದು ಊರಿನ ಮೇಲೆ ಬೆಳ್ಳಂಬೆಳಿಗ್ಗೆ ಹೀಗೆ ಆಗಿತ್ತಲ್ಲ. ಅಲ್ಲೂ ಜನರಿಗೆ ಪೆಟ್ಟು ಕೊಟ್ಟದ್ದು ಹೆಚ್ಚಾಗಿ ಕಲ್ಲಲ್ಲ, ಕಿಟಕಿ. ನಿಮ್ಮಿಂದ ನಮ್ಮವರೆಗೆ ಆ ಸುದ್ದಿ ಬಂದಿತ್ತು, ಆದರೆ ಸುದ್ದಿಯಾಗಿ ಬಂತು, ರೂಢಿಯಾಗಿ ಬರಲಿಲ್ಲ.

ಆಮೇಲೆ ರೂಢಿ ಮಾಡಿದರು. ಅದೇ ಬೆನ್ನುಕೊಡುವುದು. ಎಲ್ಲಿಂದಲಾದರೂ ಅತಿಬೆಳಕು ಕಂಡರೆ ನೋಡಬಾರದು, ಅದಕ್ಕೆ ಬೆನ್ನು ಕೊಟ್ಟು, ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ತಲೆ ಮೊಣಕಾಲಿಗೆ ಹಚ್ಚಿ, ಸಪ್ಪಳ ಬಂದು ಹೋಗುವ ತನಕ ಧಾನ್ಯಗಳ ಹೆಸರು ಹೇಳುತ್ತ ಇರಬೇಕು. ಜೋಳ, ಸಜ್ಜೆ, ನವಣೆ, ಕಡಲೆ, ತೊಗರಿ, ಅಗಸಿ, ಕುಸುಬಿ, ಮತ್ತೆ ಜೋಳ. ಎಣಿಸಿರಿ ಎಂದರೆ ಜನ ಅವಸರ ಮಾಡುತ್ತಾರೆ, ಧಾನ್ಯದ ಹೆಸರಿಗೆ ಯಾರೂ ಅವಸರ ಮಾಡುವುದಿಲ್ಲ ಎಂದು ಹಿರಿಯರು ಹೀಗೆ ಮಾಡಿದರಂತೆ. ಮಗು ಮಾತು ಕಲಿತಾಗ ಅವ್ವ, ಅಪ್ಪ ಆದ ಮೇಲೆ ಕಲಿಯುವುದು ಇದನ್ನೇ.

ಇನ್ನೆರಡು ಹೆಸರು ಹೇಳಿ ಮುಂದೆ ಹೋಗುತ್ತೇನೆ. ಕಲ್ಲಿನ ದಾರಿ ತಪ್ಪಿಸಲು ಇಲ್ಲಿಂದ ಒಂದು ವಾಹನ ಹೋಗಿ ಅದಕ್ಕೆ ಗುದ್ದುತ್ತದೆ. ನಿಮ್ಮವರೇ ಮೊದಲು ಮಾಡಿ ತೋರಿಸಿದ್ದು. ನಾವು ಅದಕ್ಕೆ ತಳ್ಳುಬಂಡಿ ಎನ್ನುತ್ತೇವೆ. ವರ್ಷಗಳ ಮೊದಲೇ ಹೊರಟರೆ ಮಾತ್ರ ಉಪಯೋಗ. ಆಮೇಲೆ ಬಿಸಿಲುಗಳ್ಳ. ರಾತ್ರಿ ಕಡೆಯಿಂದ ಬರುವ ಕಲ್ಲು ದುರ್ಬೀನಿಗೆ ಕಾಣುತ್ತದೆ. ಸೂರ್ಯನ ಕಡೆಯಿಂದ ಬರುವ ಕಲ್ಲು ಕಾಣುವುದಿಲ್ಲ, ಬಿಸಿಲಿನ ಮರೆಯಲ್ಲಿ ಬರುತ್ತದೆ. ಅದು ಬಿಸಿಲುಗಳ್ಳ. ಅದನ್ನು ಹಿಡಿಯಲು ಸೂರ್ಯನ ಹತ್ತಿರ ಒಂದು ದುರ್ಬೀನು ತೇಲಿಬಿಟ್ಟಿದ್ದರು, ಸೂರ್ಯಗಣ್ಣು ಎಂದು. ಬಿಟ್ಟಿದ್ದರು ಎಂದೆ. ಅದು ಈಗ ಕುರುಡಾಗಿದೆ. ಹಳೆಯದಾಯಿತು, ಹೊಸದು ಕಳಿಸಬೇಕಿತ್ತು, ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಎಂದರೆ ಯಾರಿಗೂ ಅಂಜಿಕೆ ಉಳಿದಿರಲಿಲ್ಲ. ಅಂಜಿಕೆ ಹೇಗೆ ಹೋಯಿತು ಎಂಬುದೇ ನಾನು ಹೇಳಬೇಕಾದ ಮಾತು.

ಮೊದಲು ಕಲ್ಲುಗಳಿಗೆ ನಂಬರು ಇತ್ತು. ಡಂಗುರದವನು ನಂಬರು ಕೂಗಿದರೆ ಕೂಸುಗಳು ಅಳುತ್ತಿದ್ದವು. ಜನ ನಿದ್ದೆಗೆಟ್ಟರು. ಆಗ ಯಾರೋ ಒಬ್ಬ ತಾಯಿ, ತೀರಿಕೊಂಡ ತನ್ನ ಮಗನ ಹೆಸರನ್ನು ಒಂದು ಕಲ್ಲಿಗೆ ಇಡಿರಿ ಎಂದು ಕೇಳಿದಳಂತೆ. ಇಟ್ಟರು. ಆ ಕಲ್ಲು ಹಾದುಹೋದ ದಿನ ಆಕೆ ಓಣಿಗೆಲ್ಲ ಬೆಲ್ಲದ ಸಜ್ಜಕ ಹಂಚಿದಳು. ಆ ಸಲ ಯಾರೂ ಅಳಲಿಲ್ಲ. ಅಲ್ಲಿಂದ ಅದೇ ಪದ್ಧತಿಯಾಯಿತು. ಕಲ್ಲು ಕಂಡರೆ ಪಾಳಿ ಪ್ರಕಾರ ಒಂದು ಮನೆಗೆ ಕೊಡುವುದು, ಆ ಮನೆಯವರು ತಮ್ಮ ತೀರಿಹೋದವರ ಹೆಸರು ಇಡುವುದು, ಕಲ್ಲು ಹಾದುಹೋದರೆ ಸಜ್ಜಕ. ಅಜ್ಜ ಬಂದ, ಅಜ್ಜ ಹೋದ ಎನ್ನುತ್ತಿದ್ದರು. ಆಮೇಲೆ ಅದರಲ್ಲೂ ಪೈಪೋಟಿ ಶುರುವಾಯಿತು. ನಾನು ಹಲಗಿ ಬಾರಿಸಿ ಹೇಳಿ ಮುಗಿಸುವ ಮೊದಲೇ ಕೇಳುತ್ತಿದ್ದರು.

"ಎಷ್ಟ ದೂರಲೇ ಫಕೀರ್ಯಾ? ಚಂದ್ರನಕಿಂತ ಆಚೀಕೇನು? ಹಂಗಾರ ಬಿಡು, ಅವರಜ್ಜ ಇದ್ದಾಗೂ ಹಂಗ, ಯಾರ ಮನೀಗೂ ಹತ್ರ ಬರತಿದ್ದಿಲ್ಲ."

ಹತ್ತಿರ ಬಂದಷ್ಟೂ ಮರ್ಯಾದೆ. ನೋಡಬೇಕಲ್ಲ ಎಂದು ಮೂಡಣ ಗೋಡೆಗೆ ಒಂದೊಂದಾಗಿ ಗಾಜು ಬಂತು. ಮೇಣದ ಬಟ್ಟೆ ಹೊಲಿಯುವ ದಾವಲಸಾಬ ಕಾಕಾ ನಮ್ಮ ಪಕ್ಕದ ಮನೆಯವನು. ಅವನ ಬಟ್ಟೆ ಕೇಳುವವರು ಇಲ್ಲದೆ, ಅವನು ಅದರಲ್ಲಿ ಎಮ್ಮೆಗಳ ಬೆನ್ನಿಗೆ ಹೊದಿಸುವ ಜೂಲು ಹೊಲಿಯತೊಡಗಿದ. "ಈ ಊರಾಗ ಎಮ್ಮೀಗಿ ಐತಿ ನೋಡು ಬುದ್ಧಿ, ಬೆಳಕ ಕಂಡ್ರ ಬೆನ್ನ ಕೊಟ್ಟ ನಿಂದರತಾವು" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನನಗೊಬ್ಬಳು ತಂಗಿ ಇದ್ದಳು. ತುಂಗವ್ವ. ತುಂಗಿ ಎನ್ನುತ್ತಿದ್ದೆವು. ಎಂಟು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು. ಮಾತು ಜಾಸ್ತಿ, ಧೈರ್ಯ ಕಡಿಮೆ. ಧಾನ್ಯ ಹೇಳುವಾಗ ನವಣೆಯನ್ನು ಎರಡು ಸಲ ಹೇಳುತ್ತಿದ್ದಳು. ಯಾಕಲೇ ಎಂದರೆ, ನವಣೆ ಸಣ್ಣದು, ಒಂದು ಸಲ ಹೇಳಿದರೆ ಸಾಲುವುದಿಲ್ಲ ಎನ್ನುತ್ತಿದ್ದಳು. ಮೂರು ವರ್ಷದ ಹಿಂದೆ ನಮ್ಮ ಮನೆಗೆ ಪಾಳಿ ಬಂತು. ಅವ್ವ ಕಲ್ಲಿಗೆ ತುಂಗಿ ಎಂದು ಹೆಸರಿಟ್ಟಳು. ಮೂರು ಅಂತಸ್ತಿನ ಶಾಲೆಯ ಕಟ್ಟಡದಷ್ಟು ದೊಡ್ಡ ಕಲ್ಲು. ಒಂದು ಸಂಜೆ, ಪಡುವಣದಲ್ಲಿ ಇನ್ನೂ ಕೆಂಪು ಇರುವಾಗ, ಗುಡ್ಡದ ಮೇಲಿಂದ ಸಾವಕಾಶ ಹರಿದು ಹೋಯಿತು. ಬರಿಗಣ್ಣಿಗೆ ಕಂಡಿತು. ಅಷ್ಟು ಹತ್ತಿರ ನಮ್ಮ ಭಾಗದಲ್ಲಿ ಯಾರ ಕಲ್ಲೂ ಬಂದಿರಲಿಲ್ಲ. ಅವ್ವ ಮಾಳಿಗೆಯ ಮೇಲೆ ನಿಂತು ಕೈ ಬೀಸಿದಳು. ಕೆಳಗೆ ಇಡೀ ಓಣಿ ಬೀಸಿತು. ಅವ್ವ ಅಷ್ಟು ನಕ್ಕದ್ದನ್ನು ನಾನು ತುಂಗಿ ಹೋದ ಮೇಲೆ ನೋಡಿರಲಿಲ್ಲ.

ಅದಕ್ಕೂ ಮೊದಲು ಕಾವಲುಮನೆಯವರು ಕೇಳಿದ್ದರು, ಈ ಕಲ್ಲು ಬಹಳ ಹತ್ತಿರ ಹೋಗುತ್ತದೆ, ಈ ಸಲ ಬೀಳುವುದಿಲ್ಲ, ಆದರೆ ಹೋದ ಮೇಲೆ ಒಂದು ತಳ್ಳುಬಂಡಿ ಅದರ ಹಿಂದೆ ಕಳಿಸೋಣವೇ ಎಂದು. ಹೆಸರು ಇಟ್ಟ ಮನೆಯವರನ್ನು ಕೇಳದೆ ಕಲ್ಲು ಮುಟ್ಟಬಾರದು ಎಂಬುದು ಅಷ್ಟರಲ್ಲಿ ರೂಢಿಯಾಗಿತ್ತು. "ಆಕಿನ್ನ ಯಾಕ ದೂಡತೀರಿ? ಆಕಿ ಯಾರಿಗೇನ ಮಾಡ್ಯಾಳ?" ಎಂದಳು ಅವ್ವ. ಊರೂ ಅದನ್ನೇ ಅಂದಿತು. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ತಾಯಂದಿರು ತಮ್ಮ ತಮ್ಮ ಕಲ್ಲುಗಳಿಗೆ ಇದನ್ನೇ ಅಂದಿದ್ದರು. ಬಂಡಿ ಹೋಗಲಿಲ್ಲ.

ಹೋದ ವಾರ ಕಾವಲುಮನೆಯ ಮುಖ್ಯಸ್ಥೆ ದ್ಯಾಮಕ್ಕ ನನ್ನನ್ನು ಕರೆಸಿದಳು. ನಾನು ಎಂದಿನಂತೆ ಬಾಗಿಲಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದೆ.

"ಕುಂದರು" ಅಂದಳು.

"ಕುಂತ್ರ ನಂಗ ಕಿವಿ ಕೇಳ್ಸಂಗಿಲ್ರಿ ಅಕ್ಕಾ. ನೀವು ಹೇಳ್ರಿ."

"ಇವತ್ತ ಕುಂದರಪಾ."

ಕೂತೆ. ಆಕೆ ಮೇಜಿನ ಮೇಲಿದ್ದ ಒಂದು ಜೋಳದ ಕಾಳನ್ನು ಬೆರಳಿನಿಂದ ಸರಿಸಿದಳು.

"ತುಂಗಿ ಹೊಳ್ಳಿ ಬರಾಕತ್ತಾಳ" ಎಂದಳು. ಆಮೇಲೆ, "ಬರಾಕತ್ತೈತಿ. ಕಲ್ಲು" ಎಂದಳು.

ಕಲ್ಲು ಹಾದು ಹೋದರೆ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು. ಹಾಗಲ್ಲವಂತೆ. ಹತ್ತಿರ ಹೋಗುವಾಗ ಭೂಮಿ ಅದನ್ನು ಎಳೆಯುತ್ತದೆ, ಅದರ ದಾರಿ ಸ್ವಲ್ಪ ಬಾಗುತ್ತದೆ. ಹೊಲದ ಬದುವಿನಲ್ಲಿ ಗಾಡಿಯ ಗಾಲಿ ಒಂದು ಸಲ ಜಾರಿದರೆ ಸಾಕು, ಮುಂದಿನ ತಿರುವಿನಲ್ಲಿ ಎಲ್ಲಿಗೋ ಹೋಗಿ ನಿಲ್ಲುತ್ತದಲ್ಲ, ಹಾಗೆ. ಸೂರ್ಯನನ್ನು ಸುತ್ತಿ ಈಗ ಅದು ಬಿಸಿಲಿನ ಕಡೆಯಿಂದ ಬರುತ್ತಿದೆ. ಬಿಸಿಲಿನಲ್ಲಿ ಮರೆಯಾಗುವ ಮುಂಚೆ ಬೇರೆ ದೇಶದ ಒಂದು ಕಾವಲುಮನೆಯವರಿಗೆ ಎರಡು ಸಲ ಕಂಡಿತ್ತಂತೆ, ಅಷ್ಟೇ.

"ಬೀಳೂದು ಖರೇನೇನ್ರಿ?"

"ಹಾದ್ರೂ ಹಾಯಬಹುದು. ಸಿಡದ್ರೂ ಸಿಡೀಬಹುದು. ಸೂರ್ಯಗಣ್ಣು ಇದ್ದಿದ್ರ ಹೇಳತಿದ್ವಿ. ಈಗ ಕಣ್ಣ ಕಟಗೊಂಡ ಕುಂತೀವಿ, ಏನಂತ ಹೇಳೂದು?"

"ಬಂಡಿ?"

"ಬಂಡಿಗೆ ವರ್ಷ ಬೇಕೋ ತಮ್ಮಾ. ವಾರ ಸೈತ ಇಲ್ಲ ನಮ್ಮ ಕಡೆ."

ಸಿಡಿದರೆ ಎಲ್ಲಿ ಎಂದು ಕೇಳಿದೆ. ಆಕೆ ನಕಾಶೆಯ ಮೇಲೆ ಎರಡು ಕೈ ಅಗಲಿಸಿ ಇಟ್ಟಳು. ಒಂದು ಕೈ ಅರಬ್ಬಿ ಸಮುದ್ರದಲ್ಲಿ, ಇನ್ನೊಂದು ಪೂರ್ವದ ಸಮುದ್ರದ ಆಚೆ. ನಡುವೆ ನಾವು. ಅಷ್ಟು ಜನರನ್ನು ಎಬ್ಬಿಸಿ ಎಲ್ಲಿಗೆ ಕರೆದೊಯ್ಯುವುದು? ಮಾರ್ಚ್ ಎರಡರ ಬೆಳಿಗ್ಗೆ, ಹೊತ್ತು ಹುಟ್ಟಿದ ಮೇಲೆ. ಎಲ್ಲರೂ ಗಾಜು ತೆಗೆಯಬೇಕು, ಎಲ್ಲರೂ ಬೆನ್ನು ಕೊಡಬೇಕು. ಉಳಿದಿರುವ ದಾರಿ ಅದೊಂದೇ. "ಹೋಗಿ ಹಲಗಿ ಬಾರಿಸು" ಎಂದಳು. "ಅಂಜಸು. ನಿನಗ ಬರತೈತೋ ಇಲ್ಲೋ, ಜನರನ್ನ ಅಂಜಸು."

ನಾನು ಗುಡ್ಡ ಇಳಿಯುವಾಗ ಎದುರಿಗೆ ಬಂದ ಸೈಕಲ್ಲಿನ ಕನ್ನಡಿ ಬಿಸಿಲಿಗೆ ಫಳ್ ಎಂದು ಹೊಳೆಯಿತು. ನನಗೇ ತಿಳಿಯದೆ ಸೈಕಲ್ ಬಿಟ್ಟು ಬೆನ್ನು ಕೊಟ್ಟು ಕೂತುಬಿಟ್ಟಿದ್ದೆ. ಬಾಯಲ್ಲಿ ಜೋಳ, ಸಜ್ಜೆ ಬರುತ್ತಿತ್ತು. ಆ ಸೈಕಲ್ಲಿನವನು ಇಳಿದು, "ಏನೋ, ಹೊಟ್ಟಿ ನೋವೇನು?" ಎಂದು ಕೇಳಿದ.

ಅಂಜಿಸಲು ನನಗೆ ಬರಲಿಲ್ಲ. ಮೊದಲನೇ ಊರಿನಲ್ಲಿ ಹಲಗಿ ಬಾರಿಸಿ, ತುಂಗಿ ಬಿಸಿಲ ಕಡೆಯಿಂದ ಬರುತ್ತಿದೆ, ಈ ಸಲ ಸಿಡಿಯಬಹುದು ಎಂದು ಕೂಗಿದೆ. ಜನ ಚಪ್ಪಾಳೆ ಹೊಡೆದರು. "ಏ, ಸಂಕವ್ವನ ಮಗಳು ಎರಡನೇ ಸಲ ಬಂದ್ಲು. ಈ ಸಲ ಸಜ್ಜಕ ನಡೆಂಗಿಲ್ಲ, ಹೋಳಿಗೀನ ಆಗಬೇಕು" ಎಂದರು. ಸಂಕವ್ವ ಎಂದರೆ ನನ್ನ ಅವ್ವ. ಸಿಡಿಯುತ್ತದೆ ಎಂದು ಮತ್ತೆ ಹೇಳಿದೆ. "ತುಂಗಿ ಯಾಕ ಸಿಡೀತಾಳೋ? ಗುಬ್ಬಿ ಹಂಗಿದ್ಲು" ಎಂದು ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಳು. ಎರಡನೇ ಊರಿನಲ್ಲಿ ಆ ಬೆಳಿಗ್ಗೆಗೆಂದು ಹೊಸ ಗಾಜು ಕೂಡಿಸುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಗಾಜಿನವನು, "ಚಲೋ ಆತು, ದೊಡ್ಡದ ಹಾಕತೀನಿ" ಎಂದ. ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕೂಗಿದಷ್ಟೂ ಜನ ನಗುತ್ತಿದ್ದರು. ಕನಸಿನಲ್ಲಿ ಕೂಗಿದರೆ ಧ್ವನಿ ಹೊರಡುವುದಿಲ್ಲವಲ್ಲ, ಹಗಲಿನಲ್ಲಿ ಅದೇ ಆಗುತ್ತಿತ್ತು.

ಮನೆಗೆ ಬಂದರೆ ಅವ್ವ ಬೆಲ್ಲ ಕುಟ್ಟುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಬಂದಿತ್ತು.

"ಯವ್ವಾ, ಅವತ್ತ ಮುಂಜಾನೆ ಗೋಡಿ ಹಿಂದ ಕುಂದರಬೇಕು" ಎಂದೆ.

"ನೀ ಕುಂದರು. ನಾ ಮಾಳಗಿ ಮ್ಯಾಲ ಇರತೀನಿ."

"ಇದು ಹೋದ ಸಲದಂಗ ಅಲ್ಲಬೇ. ಬೆಳಕ ಕಂಡ ಕೂಡ್ಲೇ ಬೆನ್ನ ಕೊಡಬೇಕು."

"ಯಾರಿಗೆ?"

ಅವ್ವ ಕುಟ್ಟುವುದನ್ನು ನಿಲ್ಲಿಸಿದಳು.

"ಆಕಿಗೆ ಜ್ವರ ಏರಿದಾಗ ನೀರ ಬೇಕಂದ್ಲು. ಕೊಡದಾಗಿಂದ ತಗೊಳ್ಳಾಕ ಹೀಂಗ ಬೆನ್ನ ತಿರಿವಿದ್ನಿ. ತಂಬಿಗಿ ತುಂಬಿ ಹೊಳ್ಳಿ ನೋಡೂದ್ರಾಗ ಹೋಗಿದ್ಲು. ಒಂದ ಸಲ ಆಕಿಗೆ ಬೆನ್ನ ಕೊಟ್ಟೀನಿ, ಫಕೀರ್ಯಾ. ಇನ್ನೊಂದ ಸಲ ಕೊಡಂಗಿಲ್ಲ."

ಮತ್ತೆ ಬೆಲ್ಲ ಕುಟ್ಟತೊಡಗಿದಳು. ಈ ಮಾತನ್ನು ಅವಳು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನಗೆ ಆಗ ಗೊತ್ತಾಯಿತು, ಇಡೀ ಭೂಮಿ ಉಳಿದರೂ ಅವ್ವ ಉಳಿಯುವುದಿಲ್ಲ ಎಂದು. ಮಾಳಿಗೆಯ ಮೇಲೆ, ಮೂಡಣಕ್ಕೆ ಮುಖ ಮಾಡಿ, ಕೈ ಎತ್ತಿ ನಿಂತಿರುತ್ತಾಳೆ. ಬೆಳಕಿಗೆ ಕಣ್ಣು ಹೋಗುತ್ತದೆ. ಆಮೇಲೆ ಸಪ್ಪಳ ಬರುತ್ತದೆ, ಅವಳನ್ನು ಎತ್ತಿ ಒಗೆಯುತ್ತದೆ. ನಾಲ್ಕು ದಿನ ಇದೇ ನನ್ನ ಕಣ್ಣ ಮುಂದೆ ಇತ್ತು. ಮೆಟ್ಟಿಲ ಬಾಗಿಲಿಗೆ ಕೀಲಿ ಹಾಕುವ ಯೋಚನೆ ಮಾಡಿದೆ. ಹೊತ್ತುಕೊಂಡು ಬರುವ ಯೋಚನೆ ಮಾಡಿದೆ. ಹಿಡಿದು ಕೂಡಿಸಿದರೂ ಅವಳು ಕತ್ತು ತಿರುಗಿಸಿ ನೋಡಿಯೇ ನೋಡುತ್ತಾಳೆ ಎಂದು ಗೊತ್ತಿತ್ತು.

ಇವತ್ತು ಅಭ್ಯಾಸದ ದಿನ. ಬೆಳಿಗ್ಗೆ ಊರ ನಡುವೆ ಕನ್ನಡಿ ಹಿಡಿದು ಬಿಸಿಲನ್ನು ಗೋಡೆಗಳ ಮೇಲೆ ಆಡಿಸುತ್ತಾರೆ, ಅದು ಬೆಳಕು. ಜನ ಬೆನ್ನು ಕೊಟ್ಟು ಕೂತು ಧಾನ್ಯ ಹೇಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ನಾನು ಹಲಗಿ ಬಾರಿಸುತ್ತೇನೆ, ಅದು ಸಪ್ಪಳ. ಕನ್ನಡಿ ಆಡಿತು. ಅರ್ಧ ಜನ ನಗುತ್ತ ಕೂತರು, ಅರ್ಧ ಜನ ನಿಂತೇ ಇದ್ದರು. ಅವ್ವ ಮಾಳಿಗೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ನಿಂತಿದ್ದಳು. ಪಕ್ಕದಲ್ಲಿ ದಾವಲಸಾಬ ಕಾಕಾನ ಮೊಮ್ಮಗಳು ಸಬಿಯಾ, ಬೆಲ್ಲದ ಆಸೆಗೆ ಏರಿ ಬಂದವಳು, ಬಾಯಿ ತುಂಬ ಬೆಲ್ಲ.

ನನಗೆ ಸಿಟ್ಟೋ ಅಂಜಿಕೆಯೋ ತಿಳಿಯಲಿಲ್ಲ. ಮೆಟ್ಟಿಲು ಏರಿ ಮಾಳಿಗೆಗೆ ಹೋದೆ. ಅವ್ವನ ಪಕ್ಕದಲ್ಲಿ ನಿಂತು, ಇದ್ದ ಶಕ್ತಿಯೆಲ್ಲ ಹಾಕಿ ಹಲಗಿ ಬಾರಿಸಿದೆ. ಹಾಗೆ ನಾನು ಎಂದೂ ಬಾರಿಸಿರಲಿಲ್ಲ. ಸಬಿಯಾ ಕಿರುಚಿ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದಳು. ಅವ್ವ ಏನೂ ಯೋಚಿಸಲಿಲ್ಲ. ಆ ಹುಡುಗಿಯನ್ನು ತಬ್ಬಿಕೊಂಡು, ಕುಕ್ಕರುಗಾಲಲ್ಲಿ ಕುಸಿದು, ನನ್ನ ಹಲಗಿಗೆ ಬೆನ್ನು ಕೊಟ್ಟಳು. ಮಗುವಿನ ತಲೆಯ ಮೇಲೆ ತನ್ನ ತಲೆ ಇಟ್ಟಳು. ನಾನು ಬಾರಿಸುವುದನ್ನು ನಿಲ್ಲಿಸಿದೆ.

"ಹೋತು, ಹೋತು, ಏನಿಲ್ಲ" ಎಂದು ಅವ್ವ ಸಬಿಯಾಳ ಬೆನ್ನು ನೇವರಿಸುತ್ತಿದ್ದಳು. ಆಮೇಲೆ ನನ್ನ ಕಡೆ ನೋಡದೆ ಮಾತಾಡಿದಳು.

"ಗುಡುಗು ಬಂದ್ರ ತುಂಗಿನೂ ಹಿಂಗ ಮಾಡತಿದ್ಲು."

"ಹೂಂಬೇ. ನಿನ್ನ ಸೀರಿ ಹರದಿದ್ಲು ಒಂದ ಸಲ."

"ಇಳಕಲ್ ಸೀರಿ" ಎಂದಳು ಅವ್ವ. ಸಬಿಯಾಳ ಬಾಯಿಯ ಬೆಲ್ಲವನ್ನು ಸೆರಗಿನಿಂದ ಒರೆಸಿದಳು. "ಸಪ್ಪಳಕ್ಕ ಅಷ್ಟ ಅಂಜೂ ಹುಡುಗಿ, ಸಪ್ಪಳ ಮಾಡಕೋತ ಯಾಕ ಬರತಾಳ?"

ಅವಳು ನನ್ನನ್ನು ಕೇಳಿರಲಿಲ್ಲ.

"ಆ ಕಲ್ಲಿಗೆ ಬೇಕಾದ್ದ ಅನ್ನು" ಎಂದಳು. "ನನ್ನ ಮಗಳ ಹೆಸರ ಹೇಳಿ ಹಲಗಿ ಬಾರಸಬ್ಯಾಡ."

ನಾನು ಅಲ್ಲಿಂದಲೇ ಓಣಿಗೆ ಕೇಳುವಂತೆ ಕೂಗಿದೆ. ಸಂಕವ್ವ ಹೆಸರು ಹಿಂದಕ್ಕೆ ತೆಗೆದುಕೊಂಡಿದ್ದಾಳೆ, ಬರುತ್ತಿರುವುದು ತುಂಗಿ ಅಲ್ಲ, ಕಲ್ಲು. ಹೆಸರು ಹಿಂದಕ್ಕೆ ತೆಗೆದುಕೊಂಡದ್ದನ್ನು ನಮ್ಮ ಊರು ಕೇಳಿರಲಿಲ್ಲ. ಓಣಿಯಲ್ಲಿ ನಗು ನಿಂತಿತು. ಮಾಳಿಗೆಯಿಂದ ನೋಡುತ್ತಿದ್ದೆ, ನಿಂತಿದ್ದವರು ಒಬ್ಬೊಬ್ಬರಾಗಿ ಗೋಡೆಯ ಹತ್ತಿರ ಸರಿದರು. ಯಾರೋ ಮೂಡಣದ ಕಡೆ ನೋಡಿ, ತಟ್ಟನೆ ಕಣ್ಣು ತಗ್ಗಿಸಿದರು. ಅಂಜಿಕೆ ಊರೊಳಗೆ ಬಂದದ್ದು ಕಾಣುತ್ತಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಇಷ್ಟು ದಿನ ಒಬ್ಬನೇ ಹೊತ್ತಿದ್ದೆ.

ಈಗ ಮಧ್ಯಾಹ್ನ. ಕಿಟಕಿಗಳಿಂದ ಗಾಜು ಕೀಳುವ ಸಪ್ಪಳ ಕೇಳುತ್ತಿದೆ. ದಾವಲಸಾಬ ಕಾಕಾ ಎಮ್ಮೆಯ ಜೂಲುಗಳನ್ನೆಲ್ಲ ಬಿಚ್ಚಿ ಕಿಟಕಿಗೆ ಹೊಲಿಯುತ್ತಿದ್ದಾನೆ. "ಎಮ್ಮಿ ವಾಸನಿ ಬರತೈತಿ, ತಡಕೋರಿ, ಬುದ್ಧಿ ಬರಬಹುದು" ಎನ್ನುತ್ತಿದ್ದಾನೆ. ಎಲ್ಲರೂ ಕೇಳಿದ್ದಾರೆ ಎಂದಲ್ಲ. ಎರಡನೇ ಊರಿನ ಆ ದೊಡ್ಡ ಗಾಜು ಇನ್ನೂ ಅಲ್ಲೇ ಇದೆಯಂತೆ. ಈ ಓಲೆ ಮುಗಿಸಿ ಸೈಕಲ್ ಹತ್ತುತ್ತೇನೆ, ಸಾಧ್ಯವಾದಷ್ಟು ಊರು ಮುಟ್ಟುತ್ತೇನೆ. ನಾಳೆ ಒಂದೇ ದಿನ ಉಳಿದಿದೆ. ನಾಡಿದ್ದು ಬೆಳಿಗ್ಗೆ ನಾನೂ ಗೋಡೆಯ ಹಿಂದೆ ಕೂಡಬೇಕು. ಒಂದು ಕಡೆ ಕೂಡುವುದು ನನಗೆ ಎಂದೂ ಆಗಿಲ್ಲ. ನಿಜ ಹೇಳಬೇಕೆಂದರೆ ನನಗೂ ನೋಡುವ ಆಸೆ ಇದೆ, ಹಾಳು ಆಸೆ. ಅವ್ವನಿಗೆ ಎಷ್ಟಿರಬೇಕು. ಕೂಡುತ್ತೇನೆ ಎಂದಿದ್ದಾಳೆ, ಆದರೆ ಬೆಳಕು ಬಂದ ಕ್ಷಣ ಅವಳ ಕತ್ತು ಯಾವ ಕಡೆ ತಿರುಗುತ್ತದೆ ಎಂದು ನನಗೆ ಗೊತ್ತಿಲ್ಲ. ಕಲ್ಲು ಹಾದುಹೋಗಲಿ. ಹಾದುಹೋಗದಿದ್ದರೆ ಅವಳು ತಿರುಗದಿರಲಿ.

ಹಿಂದಿನವರೇ, ನಿಮ್ಮಲ್ಲಿ ಇನ್ನೂ ವೇಳೆ ಇದೆ. ನಮ್ಮಲ್ಲಿ ಇಲ್ಲದ್ದು ಅದೊಂದೇ. ರಾತ್ರಿಯ ಆಕಾಶ ಕಾಯುವವರು ನಿಮ್ಮಲ್ಲಿ ಇದ್ದಾರೆ, ಅವರ ಮಾತನ್ನು ಪೇಪರಿನ ಮೂಲೆಯ ಸುದ್ದಿ ಎಂದು ಮಗುಚಬೇಡಿ. ಬಿಸಿಲಿನ ಕಡೆ ಯಾರು ಕಾಯುತ್ತಿದ್ದಾರೆ ಎಂದು ಕೇಳಿ. ಉತ್ತರ ಸಿಗುವ ತನಕ ಕೇಳಿ. ಹತ್ತಿರ ಹೋಯಿತು, ಏನೂ ಆಗಲಿಲ್ಲ ಎಂದು ಹೇಳುವವರಿಗೆ, ಅದು ಹೊಳ್ಳಿ ಬರುವ ದಾರಿ ಯಾವುದು ಎಂದು ಕೇಳಿ. ಅಂಜಿಕೆಯನ್ನು ಮುದ್ದು ಮಾಡಿ ಮಲಗಿಸಬೇಡಿ, ನಾವು ಮಲಗಿಸಿ ನೋಡಿದ್ದೇವೆ. ಒಂದು ದಿನ ಕಾರಣವಿಲ್ಲದೆ ಬೆಳಕು ಬಂದರೆ, ಎಷ್ಟೇ ಚಂದ ಇರಲಿ, ಕಿಟಕಿಗೆ ಹೋಗಬೇಡಿ. ಕೂಸುಗಳನ್ನು ಎತ್ತಿ ತೋರಿಸಬೇಡಿ. ಬೆನ್ನು ಕೊಡಿ. ಸಪ್ಪಳ ಬಂದು ಹೋಗುವ ತನಕ ಏಳಬೇಡಿ.

ಹೊರಗೆ ಬೆನ್ನುಗೋಡೆಯ ಕಟ್ಟೆಯ ಮೇಲೆ ಅವ್ವ ಸಬಿಯಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಧಾನ್ಯ ಹೇಳಿಕೊಡುತ್ತಿದ್ದಾಳೆ. ಮುಖ ಪಡುವಣಕ್ಕೆ ಇದೆ. ಜೋಳ, ಸಜ್ಜೆ, ನವಣೆ, ನವಣೆ ಎನ್ನುತ್ತಿದ್ದಾಳೆ. ಎರಡು ಸಲ ಯಾಕಮ್ಮಾ ಎಂದು ಸಬಿಯಾ ಕೇಳಿದಳು. ಅವ್ವ ಹೇಳಿದ್ದು ಇಲ್ಲಿಯವರೆಗೆ ಕೇಳಿಸಿತು.

"ಸಣ್ಣದು ಐತೆವ್ವ. ಒಂದ ಸಲಕ್ಕ ಸಾಲಂಗಿಲ್ಲ."

ನಿಮ್ಮ ಮುಂದಿನವನು,
ಫಕೀರೇಶ, ಹುಲ್ಲುಬಾವಿಯ ಡಂಗುರದವನು